ಈ ಸಲ ನೋಡೋ ಸರದಿ ಹುಡುಗೀದು

ಹೈಸ್ಕೂಲ್ ಲವ್ ಅಂದ್ರೆ ನಮ್ಮ ಸಿನಿಮಾಗಳಲ್ಲಿ ಹುಡುಗ ಹಿಂದೆ ಬೀಳೋದು, ಹುಡುಗಿ ಕೊನೆಗೂ ತಿರುಗಿ ನಗೋದು. ರೂಪಾ ರಾವ್ ನಿರ್ದೇಶಿಸಿದ, 2019ರ ‘ಗಂಟುಮೂಟೆ’ ಹಾಗಲ್ಲ. ಇಲ್ಲಿ ನೋಡೋಳೂ ಅವಳೇ, ಕಥೆ ಹೇಳೋಳೂ ಅವಳೇ. ತೊಂಬತ್ತರ ದಶಕದ ಬೆಂಗಳೂರು; ಸಲ್ಮಾನ್ ಖಾನ್ ಹುಚ್ಚಿನ ಮೀರಾಗೆ ಕ್ಲಾಸಿನ ಮಧುವಿನಲ್ಲೇ ತನ್ನ ಹೀರೋ ಕಾಣಿಸ್ತಾನೆ. ತೇಜು ಬೆಳವಾಡಿ, ನಿಶ್ಚಿತ್ ಕೊರೋಡಿ ಇಬ್ಬರೂ ನಟಿಸ್ತಿದ್ದಾರೆ ಅಂತಲೇ ಅನಿಸಲ್ಲ. ನ್ಯೂಯಾರ್ಕ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಇದರ ಚಿತ್ರಕಥೆಗೆ ಪ್ರಶಸ್ತಿಯೂ ಬಂತು.

ಬೆಂಗಳೂರಿನ ಕಥೆಯಾದ್ರೂ ನನಗೆ ನೆನಪಾಗಿದ್ದು ನಮ್ಮ ಶಿವಮೊಗ್ಗದ ವಿನೋಬನಗರ. ಟ್ಯೂಷನ್ ಬಿಟ್ಟ ಮೇಲೆ ಸೈಕಲ್ ಹತ್ತದೆ ತಳ್ಕೊಂಡೇ ಎರಡು ಕ್ರಾಸ್ ಜಾಸ್ತಿ ನಡೆಯೋರು ಇಲ್ಲೂ ಇದ್ರು. ಯಾರದೋ ಆಂಟಿ ಕಣ್ಣಿಗೆ ಬಿದ್ರೆ ಸಂಜೆಯೊಳಗೆ ಮನೆಗೆ ಸುದ್ದಿ. ಆಮೇಲೆ ಅವನಿಗೆ ಬೈಗುಳ, ಅವಳಿಗೆ ಟ್ಯೂಷನ್ನೇ ಬಂದ್. ಮಾರ್ಕ್ಸ್ ಕಡಿಮೆಯಾದ್ರೆ ಲವ್ವೇ ಕಾರಣ, ಬೇರೆ ವಿಚಾರಣೆ ಇಲ್ಲ.

‘ಗಂಟುಮೂಟೆ’ ಆ ವಿಚಾರಣೆ ಮಾಡುತ್ತೆ. ಇದರಲ್ಲಿ ಕತ್ತಿ ಹಿಡಿದ ಅಪ್ಪ ಇಲ್ಲ, ಜಾತಿ ಜಗಳ ಇಲ್ಲ. ಆ ಮಕ್ಕಳು ನಿಜವಾಗಿ ಹೆದರೋದು ಪರೀಕ್ಷೆಯ ರಿಸಲ್ಟ್‌ಗೆ. ಆ ದಿನ ಏನಾಗುತ್ತೆ ಅಂತ ಹೇಳಲ್ಲ, ನೋಡಿ. ಮೀರಾಳ ಹಿನ್ನೆಲೆ ಮಾತು ಕೆಲವು ಕಡೆ ಜಾಸ್ತಿಯಾಯ್ತು ಅನ್ನೋದು ನನ್ನ ತಕರಾರು. ಅವಳ ಮುಖವೇ ಎಲ್ಲ ಹೇಳ್ತಿರುವಾಗ ಮಾತು ಯಾಕೆ? ಆದ್ರೆ ಹದಿನಾರರ ಹುಡುಗಿಯ ಆಸೆಯನ್ನ ತಮಾಷೆಯನ್ನಾಗಿಯೂ ಮಾಡದೆ, ತಪ್ಪನ್ನಾಗಿಯೂ ಮಾಡದೆ ತೋರಿಸೋ ಕನ್ನಡ ಸಿನಿಮಾ ಎಷ್ಟಿವೆ?

ಬಸ್ಸಲ್ಲಿ ಫೋನ್ ಹಿಡ್ಕೊಂಡು ನೋಡಬೇಡಿ. ಟಿವಿಗೆ ಹಾಕಿ. ಮನೇಲಿ ಎಸ್ಸೆಸ್ಸೆಲ್ಸಿ ಮಕ್ಕಳಿದ್ರೆ ಅವರ ಅಪ್ಪ-ಅಮ್ಮನನ್ನೂ ಕೂರಿಸಿ.