ವಾರದ ಸಭೆ ಮತ್ತು ಸಾಗರದಾಚೆಯ ಸೇವೆ

ನಾನು ಸದಸ್ಯನಾಗಿರುವ ಸೇವಾ ಕ್ಲಬ್ಬಿನ ಮಂಗಳವಾರದ ಸಭೆಯ ಮುಂದೆ ಕಳೆದ ತಿಂಗಳು ಎರಡು ನಿರ್ಣಯಗಳು ಬಂದವು. ವಾರಕ್ಕೊಮ್ಮೆ ಸೇರುವ ಪದ್ಧತಿಯನ್ನು ಕೈಬಿಟ್ಟು ತಿಂಗಳಿಗೆ ಎರಡು ಬಾರಿ ಸೇರಬೇಕೆಂಬುದು ಮೊದಲನೆಯದು. ಪೂರ್ವ ಆಫ್ರಿಕಾದ ಗ್ರಾಮವೊಂದರ ಕುಡಿಯುವ ನೀರಿನ ಯೋಜನೆಗೆ, ಅಲ್ಲಿನ ಕ್ಲಬ್ಬೊಂದರ ಸಹಭಾಗಿತ್ವದಲ್ಲಿ, 4 ಲಕ್ಷ ರೂಪಾಯಿ ನೀಡಬೇಕೆಂಬುದು ಎರಡನೆಯದು. ಮೊದಲ ನಿರ್ಣಯಕ್ಕೆ ಬಹುತೇಕ ಎಲ್ಲರೂ ತಲೆದೂಗಿದರು. ಎರಡನೆಯದಕ್ಕೆ ಮಾತ್ರ ಸಭೆ ಇಬ್ಭಾಗವಾಯಿತು. “ಮನೆ ಗೆದ್ದು ಮಾರು ಗೆಲ್ಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಮ್ಮ ಊರಿನ ಶಾಲೆಗಳ ಅವಸ್ಥೆ ಹೀಗಿರುವಾಗ ಆಫ್ರಿಕಾದ ಉಸಾಬರಿ ನಮಗೇಕೆ, ಸ್ವಾಮೀ?” ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಎರಡೂ ನಿರ್ಣಯಗಳು ಮುಂದಿನ ತಿಂಗಳಿಗೆ ಮುಂದೂಡಲ್ಪಟ್ಟಿವೆ.

ಇದು ಒಂದು ಕ್ಲಬ್ಬಿನ ಒಳಗಿನ ವಿಚಾರವೆಂದು ಬಿಡುವಂತಿಲ್ಲ. ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಒಂದಲ್ಲ ಒಂದು ಸೇವಾ ಸಂಸ್ಥೆಯ ಸದಸ್ಯರು. ಮೇಲಾಗಿ ಈ ಸಂಸ್ಥೆಗಳು ಹುಟ್ಟಿದ್ದೇ ವರ್ತಕರ ಕೂಟಗಳಾಗಿ. 1905ರ ಫೆಬ್ರವರಿ 23ರಂದು ಷಿಕಾಗೋ ನಗರದಲ್ಲಿ ವಕೀಲ ಪಾಲ್ ಹ್ಯಾರಿಸ್ ಮತ್ತು ಅವರ ಮೂವರು ಮಿತ್ರರು ಒಂದು ಕಚೇರಿಯ ಕೊಠಡಿಯಲ್ಲಿ ಕುಳಿತು ರೋಟರಿಯನ್ನು ಆರಂಭಿಸಿದರು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸಭೆ ಸೇರುತ್ತಿದ್ದುದರಿಂದಲೇ ಆ ಹೆಸರು. ಅದೇ ನಗರದ ವಿಮಾ ವ್ಯವಹಾರಸ್ಥ ಮೆಲ್ವಿನ್ ಜೋನ್ಸ್ ಅವರ ಪ್ರಯತ್ನದಿಂದ 1917ರಲ್ಲಿ ಲಯನ್ಸ್ ಸಂಸ್ಥೆ ರೂಪುಗೊಂಡಿತು. ರೋಟರಿ 1919ರಲ್ಲಿ ಕಲ್ಕತ್ತೆಗೂ, 1934ರಲ್ಲಿ ಬೆಂಗಳೂರಿಗೂ ಬಂದಿತು. ರೋಟರಿಯ ಪ್ರಸಿದ್ಧ ‘ಚತುರ್ವಿಧ ಪರೀಕ್ಷೆ’ಯನ್ನು ರಚಿಸಿದವರೂ ಒಬ್ಬ ಉದ್ಯಮಿಯೇ. ದಿವಾಳಿಯ ಅಂಚಿನಲ್ಲಿದ್ದ ಅಲ್ಯೂಮಿನಿಯಂ ಪಾತ್ರೆಗಳ ಕಂಪನಿಯೊಂದರ ಹೊಣೆ ಹೊತ್ತ ಹರ್ಬರ್ಟ್ ಟೇಲರ್, 1932ರ ಸುಮಾರಿಗೆ ತಮ್ಮ ನೌಕರರಿಗಾಗಿ ಅದನ್ನು ಬರೆದರು. ಅಂದಮೇಲೆ ನಂಬಿಕೆ, ಸಾಲ, ಲೆಕ್ಕ ಎಂಬ ವ್ಯಾಪಾರದ ಅಳತೆಗೋಲಿನಿಂದಲೇ ಈ ಎರಡು ನಿರ್ಣಯಗಳನ್ನು ಅಳೆಯುವುದು ಅನುಚಿತವಾಗಲಾರದು.

ಮೊದಲು ಎರಡನೆಯ ನಿರ್ಣಯವನ್ನೇ ತೆಗೆದುಕೊಳ್ಳೋಣ. “ನಮ್ಮ ಮನೆ ಮೊದಲು” ಎಂಬ ವಾದದಲ್ಲಿ ಸತ್ಯಾಂಶವಿದೆ. ಆದರೆ ಆ ವಾದವನ್ನು ಹೊರದೇಶದವರೂ ನಮ್ಮ ವಿಷಯದಲ್ಲಿ ಹೂಡಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಬೇಕು. 1979ರಲ್ಲಿ ಫಿಲಿಪ್ಪೀನ್ಸ್‌ನ ಸುಮಾರು 60 ಲಕ್ಷ ಮಕ್ಕಳಿಗೆ ಪೋಲಿಯೋ ಲಸಿಕೆ ನೀಡುವ ಕಾರ್ಯಕ್ಕೆ ಕೈಹಾಕಿದ ರೋಟರಿ, 1985ರಲ್ಲಿ ‘ಪೋಲಿಯೋ ಪ್ಲಸ್’ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಆ ಕೆಲಸವನ್ನು ವಿಸ್ತರಿಸಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯು ನಿರ್ಮೂಲನದ ಸಂಕಲ್ಪ ತೊಟ್ಟಾಗ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳು ಈ ರೋಗಕ್ಕೆ ತುತ್ತಾಗುತ್ತಿದ್ದರೆಂದು ಅಂದಾಜಿಸಲಾಗಿತ್ತು. ರೋಟರಿ ಸದಸ್ಯರು ಇದುವರೆಗೆ ನೀಡಿರುವ ಮೊತ್ತ 200 ಕೋಟಿ ಡಾಲರುಗಳಿಗೂ ಮಿಕ್ಕಿದೆ.

ಅದರ ಫಲವನ್ನು ಉಂಡವರಲ್ಲಿ ನಾವೂ ಇದ್ದೇವೆ. 2009ರಲ್ಲಿ ಭಾರತವೊಂದರಲ್ಲೇ 741 ಪೋಲಿಯೋ ಪ್ರಕರಣಗಳು ದಾಖಲಾಗಿದ್ದವು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡುಬಂದದ್ದೇ ಕಾಡು ವೈರಾಣುವಿನ ಕೊನೆಯ ಪ್ರಕರಣವಾಯಿತು. 2014ರ ಮಾರ್ಚ್ 27ರಂದು ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೋ ಮುಕ್ತ ಪ್ರಮಾಣಪತ್ರ ದೊರೆಯಿತು. ಈ ಸಾಧನೆಯ ಬಹುಪಾಲು ಶ್ರೇಯಸ್ಸು ನಮ್ಮ ಸರ್ಕಾರಕ್ಕೂ, ಮನೆಮನೆ ಅಲೆದ ಆರೋಗ್ಯ ಕಾರ್ಯಕರ್ತೆಯರಿಗೂ ಸಲ್ಲಬೇಕು. ಆದರೂ ನಮ್ಮ ನಕ್ಷೆಯನ್ನೂ ಸರಿಯಾಗಿ ಅರಿಯದ ದೂರದ ಊರುಗಳ ಕಿರಾಣಿ ವರ್ತಕರೂ ದಂತವೈದ್ಯರೂ ವಾರದ ಸಭೆಯಲ್ಲಿ ಕೂಡಿಸಿದ ಹಣ ಇದರಲ್ಲಿ ಸೇರಿದೆ ಎಂಬುದನ್ನು ಮರೆಯಲಾಗದು. ಪಡೆದ ಸಾಲವನ್ನು ಕೊಟ್ಟವನಿಗೇ ಹಿಂದಿರುಗಿಸಲಾಗದಿದ್ದಾಗ, ಅಗತ್ಯವಿರುವ ಇನ್ನೊಬ್ಬನಿಗೆ ಕೊಡುವುದು ಮರ್ಯಾದಸ್ಥ ವರ್ತಕನ ಲಕ್ಷಣ. ಆ ದೃಷ್ಟಿಯಿಂದ ನಾನು ಎರಡನೆಯ ನಿರ್ಣಯದ ಪರವಾಗಿದ್ದೇನೆ.

ಆದರೆ ಅದಕ್ಕೊಂದು ಷರತ್ತಿದೆ. ಅದನ್ನು ನಾನು ಕಲಿತದ್ದು ನಮ್ಮದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ವಿದೇಶದ ಸಹಭಾಗಿ ಕ್ಲಬ್ಬೊಂದರ ನೆರವಿನಿಂದ ನಾವು ಆಸ್ಪತ್ರೆಯೊಂದಕ್ಕೆ ಎರಡು ಡಯಾಲಿಸಿಸ್ ಯಂತ್ರಗಳನ್ನು ಕೊಡಿಸಿದೆವು. ನಾಡಗೀತೆ, ದೀಪ ಬೆಳಗುವಿಕೆ, ಶಾಲು, ಫಲತಾಂಬೂಲ, ಛಾಯಾಚಿತ್ರ ಎಲ್ಲವೂ ಸಾಂಗವಾಗಿ ನೆರವೇರಿದವು. ಆ ವರ್ಷ ನಾನಾ ಕಾರಣಗಳಿಂದ ನಮ್ಮ ವಾರದ ಸಭೆಗಳು ಮೇಲಿಂದ ಮೇಲೆ ರದ್ದಾಗುತ್ತಿದ್ದವು. ಏಳು ತಿಂಗಳ ಬಳಿಕ ಒಂದು ಮಂಗಳವಾರ ಹದಿನಾಲ್ಕು ಮಂದಿ ಸೇರಿದ್ದಾಗ, ಔಷಧಿ ವ್ಯಾಪಾರಿಯಾದ ಕಿರಿಯ ಸದಸ್ಯರೊಬ್ಬರು ಎದ್ದು ನಿಂತು, “ಆ ಯಂತ್ರಗಳಿಂದ ಇದುವರೆಗೆ ಎಷ್ಟು ರೋಗಿಗಳಿಗೆ ಉಪಯೋಗವಾಗಿದೆ, ಸರ್?” ಎಂದು ಕೇಳಿದರು. ಉತ್ತರ ಯಾರ ಬಳಿಯೂ ಇರಲಿಲ್ಲ. ಮರುದಿನ ಹೋಗಿ ನೋಡಿದರೆ ಯಂತ್ರಗಳ ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನೇ ತೆಗೆದಿರಲಿಲ್ಲ. ಒಮ್ಮೆ ಡಯಾಲಿಸಿಸ್ ಮಾಡಲು ಸುಮಾರು 120 ಲೀಟರಿನಷ್ಟು ವಿಶೇಷವಾಗಿ ಶುದ್ಧೀಕರಿಸಿದ ನೀರು ಬೇಕು. ಅಲ್ಲಿ ಶುದ್ಧೀಕರಣ ಘಟಕವೂ ಇರಲಿಲ್ಲ, ತರಬೇತಿ ಪಡೆದ ತಂತ್ರಜ್ಞರೂ ಇರಲಿಲ್ಲ. ಆ ಏಳು ತಿಂಗಳೂ ನಮ್ಮ ತಾಲ್ಲೂಕಿನ ರೋಗಿಗಳು ವಾರಕ್ಕೆ ಎರಡು ಮೂರು ಬಾರಿ ಬಸ್ಸಿನಲ್ಲಿ ದೂರದ ನಗರಕ್ಕೆ ಹೋಗಿ ಬರುತ್ತಿದ್ದರು.

ಆ ಬಳಿಕ ಘಟಕ ಬಂದಿತು, ತಂತ್ರಜ್ಞರ ಒಂದು ವರ್ಷದ ವೇತನವನ್ನು ಕ್ಲಬ್ಬು ವಹಿಸಿಕೊಂಡಿತು, ಯಂತ್ರಗಳು ಕೆಲಸ ಆರಂಭಿಸಿದವು. ಆದರೆ ವಿದೇಶದ ಆ ಮಿತ್ರರಿಗೆ ವಾಸ್ತವವನ್ನು ತಿಳಿಸಿ ಪತ್ರ ಬರೆಯುವಾಗ ನಮಗಾದ ಸಂಕೋಚವನ್ನು ಇಂದಿಗೂ ಮರೆತಿಲ್ಲ. ಅವರು ನಮ್ಮನ್ನು ನಂಬಿ ಹಣ ಕಳುಹಿಸಿದ್ದರು. ನಾವು ಅದನ್ನು ಯಂತ್ರವಾಗಿ ಪರಿವರ್ತಿಸಿದೆವು, ಸೇವೆಯಾಗಿ ಪರಿವರ್ತಿಸಲಿಲ್ಲ.

ಈಗ ಆಫ್ರಿಕಾದ ಗ್ರಾಮಕ್ಕೆ ಕೊಳವೆಬಾವಿ ಕೊಡಲು ಹೊರಟಿರುವ ನಾವು, ಅಂದು ಆ ವಿದೇಶೀ ಮಿತ್ರರಿದ್ದ ಸ್ಥಾನದಲ್ಲಿದ್ದೇವೆ. ಕೈಪಂಪು ಕೆಟ್ಟರೆ ರಿಪೇರಿ ಮಾಡುವವರು ಯಾರು, ಬಿಡಿಭಾಗ ಎಲ್ಲಿ ದೊರೆಯುತ್ತದೆ, ಅದರ ವೆಚ್ಚ ಯಾರದು? ಈ ಪ್ರಶ್ನೆಗಳ ಮಹತ್ವವನ್ನು ನಮ್ಮ ದೇಶ ಚೆನ್ನಾಗಿ ಬಲ್ಲದು. ಹಿಂದೆ ನಮ್ಮ ಹಳ್ಳಿಗಳಲ್ಲಿ ನೆಟ್ಟ ಎರಕದ ಕಬ್ಬಿಣದ ಪಂಪುಗಳಲ್ಲಿ ಬಹುಪಾಲು ಕೆಟ್ಟು ನಿಂತಿದ್ದವು. 1970ರ ದಶಕದಲ್ಲಿ ಸೊಲ್ಲಾಪುರದಲ್ಲಿ ರೂಪುಗೊಂಡಿದ್ದ ಮಾದರಿಯನ್ನು ಆಧರಿಸಿ, ಯುನಿಸೆಫ್ ನೆರವಿನೊಂದಿಗೆ, ‘ಇಂಡಿಯಾ ಮಾರ್ಕ್ 2’ ಎಂಬ ಗಟ್ಟಿಮುಟ್ಟಾದ ಪಂಪನ್ನು ಸಿದ್ಧಪಡಿಸಲಾಯಿತು. ಮುಂದೆ ಅದು ಆಫ್ರಿಕಾದ ಅನೇಕ ದೇಶಗಳಿಗೂ ಹೋಯಿತು. ಪಂಪು ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ನೋಡಿಕೊಳ್ಳಲು ಕಲಿತ ಕೈಗಳು ಊರಿನಲ್ಲಿಯೇ ಇರಬೇಕೆಂಬುದು ಆ ಅನುಭವದ ಸಾರ.

ಹಣದ ಮೂಲದ ಬಗ್ಗೆಯೂ ಎಚ್ಚರ ಅಗತ್ಯ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಡಿ ಕಂಪನಿಗಳು ಖರ್ಚು ಮಾಡಬೇಕಾದ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಇಂತಹ ಹೊರದೇಶದ ಯೋಜನೆಗೆ ಬಳಸುವಂತಿಲ್ಲ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟಿನ ಹಣವನ್ನು ದೇಶದ ಹೊರಗೆ ವಿನಿಯೋಗಿಸಿದರೆ ಆ ವಿನಾಯಿತಿಯೇ ಪ್ರಶ್ನೆಗೆ ಒಳಗಾಗಬಹುದು. ವಿದೇಶಿ ವಿನಿಮಯದ ನಿಯಮಗಳೂ ಇವೆ. ಆದ್ದರಿಂದ ಲೆಕ್ಕಪರಿಶೋಧಕರ ಲಿಖಿತ ಅಭಿಪ್ರಾಯ ಪಡೆಯದೆ ಒಂದು ರೂಪಾಯಿಯನ್ನೂ ಕಳುಹಿಸಕೂಡದು. ಸದಸ್ಯರು ಸ್ವಂತ ಜೇಬಿನಿಂದ ಕೊಡುವ ಹಣವೇ ಇಂತಹ ಕಾರ್ಯಕ್ಕೆ ಶೋಭೆ. ಊರಿನ ಶಾಲೆಗೆ ಮೀಸಲಾದ ನಿಧಿಯನ್ನು ಮುಟ್ಟದಿದ್ದರೆ ನಮ್ಮ ಹಿರಿಯ ಸದಸ್ಯರ ಆಕ್ಷೇಪಣೆಗೂ ಅರ್ಧ ಉತ್ತರ ದೊರೆತಂತಾಗುತ್ತದೆ.

ಇನ್ನು ವಾರದ ಸಭೆಯ ವಿಚಾರ. 2016ರಲ್ಲಿ ರೋಟರಿಯೇ ತಿಂಗಳಿಗೆ ಕನಿಷ್ಠ ಎರಡು ಸಭೆ ಸಾಕೆಂಬ ಸಡಿಲಿಕೆಯನ್ನು ನೀಡಿದೆ. ಮಾಹಿತಿ ತಿಳಿಸಲು ವಾಟ್ಸಾಪ್ ಇದೆ, ತೆರಿಗೆ ವಿವರ ಸಲ್ಲಿಕೆಯ ಗಡಿಬಿಡಿಯಲ್ಲಿ ಸಮಯವೇ ಸಿಗದು, ಊಟದ ಖರ್ಚೂ ಹೆಚ್ಚಾಗಿದೆ ಎಂಬ ಕಿರಿಯರ ದೂರು ಸುಳ್ಳಲ್ಲ. ದೀರ್ಘ ಪರಿಚಯ ಭಾಷಣ, ಸನ್ಮಾನ, ಮರುಸನ್ಮಾನಗಳಲ್ಲಿ ಎರಡು ಗಂಟೆ ಕಳೆಯುವ ಸಭೆಯನ್ನು ನಾನೂ ಸಮರ್ಥಿಸಲಾರೆ.

ಆದರೂ ಕಿರ್ದಿಯನ್ನು ದಿನವೂ ಬರೆಯುವ ವರ್ತಕನಿಗೂ ವರ್ಷದ ಕೊನೆಗೆ ಬರೆಯುವವನಿಗೂ ಇರುವ ವ್ಯತ್ಯಾಸ ನಮಗೆ ತಿಳಿಯದ್ದಲ್ಲ. ವಾಟ್ಸಾಪ್ ಗುಂಪಿನಲ್ಲಿ ಉದ್ಘಾಟನೆಯ ಚಿತ್ರಕ್ಕೆ ಕೈಮುಗಿದ ಚಿಹ್ನೆಗಳು ಬರುತ್ತವೆ, “ಎಷ್ಟು ರೋಗಿಗಳಿಗೆ?” ಎಂಬ ಪ್ರಶ್ನೆ ಬರುವುದಿಲ್ಲ. ಎದುರಿಗೆ ಕುಳಿತವನನ್ನು ವಾರವಾರವೂ ಕಂಡು ಬಳಕೆಯಾದಾಗಲೇ ಕಿರಿಯನೊಬ್ಬ ಅಧ್ಯಕ್ಷರನ್ನು ನಿಸ್ಸಂಕೋಚವಾಗಿ ಪ್ರಶ್ನಿಸಬಲ್ಲ. ಹೊರದೇಶದಲ್ಲಿ ಕಣ್ಣಿಗೆ ಕಾಣದ ಕೆಲಸಕ್ಕೆ ಹಣ ತೊಡಗಿಸಿದಾಗ ಈ ಪ್ರಶ್ನೆಯ ಅಗತ್ಯ ಇಮ್ಮಡಿಯಾಗುತ್ತದೆ. ಎರಡನೆಯ ನಿರ್ಣಯವನ್ನು ಅಂಗೀಕರಿಸಿ ಅದೇ ದಿನ ಮೊದಲನೆಯದನ್ನೂ ಅಂಗೀಕರಿಸುವುದೆಂದರೆ, ವ್ಯವಹಾರವನ್ನು ಹಿಗ್ಗಿಸಿ ಗುಮಾಸ್ತನನ್ನು ಮನೆಗೆ ಕಳುಹಿಸಿದಂತೆ.

ಆದ್ದರಿಂದ ಮುಂದಿನ ತಿಂಗಳ ಸಭೆಯಲ್ಲಿ ನಾನು ಮಂಡಿಸಲಿರುವ ತಿದ್ದುಪಡಿ ಹೀಗಿದೆ. ವಾರದ ಸಭೆ ಮುಂದುವರಿಯಲಿ, ಆದರೆ ಸರಿಯಾಗಿ ಒಂದು ಗಂಟೆಗೆ ಮುಗಿಯಲಿ. ಊಟದ ಬದಲು ಕಾಫಿ ತಿಂಡಿ ಸಾಕು. ಸನ್ಮಾನಗಳು ವರ್ಷಕ್ಕೊಂದು ದಿನಕ್ಕೆ ಸೀಮಿತವಾಗಲಿ. ಪ್ರತಿ ಸಭೆಯ ಮೊದಲ ಹತ್ತು ನಿಮಿಷ, ನಡೆಯುತ್ತಿರುವ ಒಂದು ಯೋಜನೆಯ ಜಮಾಖರ್ಚನ್ನೂ ಅದರ ಇಂದಿನ ಸ್ಥಿತಿಯನ್ನೂ ಓದಲಿ. ಆಫ್ರಿಕಾದ ಯೋಜನೆಗೆ ಹಣವನ್ನು ಎರಡು ಕಂತುಗಳಲ್ಲಿ ನೀಡೋಣ. ಊರಿನವರಲ್ಲೇ ಇಬ್ಬರಿಗೆ ರಿಪೇರಿಯ ತರಬೇತಿಯಾಗಿದೆ ಎಂದು ಅಲ್ಲಿನ ಕ್ಲಬ್ಬು ವರದಿ ಕಳುಹಿಸಿದ ಬಳಿಕವೇ ಎರಡನೆಯ ಕಂತು. ನಮ್ಮಂತೆ ಅವರೂ ಕ್ರಮವಾಗಿ ಸಭೆ ಸೇರುತ್ತಾರೆಯೇ ಎಂಬುದನ್ನು ಮೊದಲೇ ವಿಚಾರಿಸೋಣ.

ಹಿರಿಯರ ಗಾದೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಮನೆ ಗೆಲ್ಲುವುದೆಂದರೆ ಮನೆಯಲ್ಲೇ ಹಣ ಖರ್ಚು ಮಾಡುವುದೆಂದು ಮಾತ್ರ ನಾವು ಅರ್ಥ ಮಾಡಿಕೊಂಡಿದ್ದೇವೆ. ಮಂಗಳವಾರದ ಸಭೆಯಲ್ಲಿ ಪರಸ್ಪರ ಮುಖ ನೋಡಿ ಲೆಕ್ಕ ಒಪ್ಪಿಸುವುದೂ ಮನೆ ಗೆಲ್ಲುವುದೇ. ಅಷ್ಟು ಗೆದ್ದವರು ಧಾರಾಳವಾಗಿ ಮಾರು ಗೆಲ್ಲಲು ಹೊರಡಬಹುದು. ಸದಸ್ಯ ಬಾಂಧವರು ಈ ಬಗ್ಗೆ ಯೋಚಿಸಿ ಮುಂದಿನ ತಿಂಗಳು ತಪ್ಪದೆ ಸಭೆಗೆ ಬರಬೇಕೆಂದು ವಿನಂತಿಸುತ್ತೇನೆ.