ಖಾಯಂ ಆಗುವ ತನಕ

ಹುಬ್ಬಳ್ಳಿಯವರಿಗೆ ನಮ್ಮ ಸತ್ತೂರ ಧಾರವಾಡದ ಹೊಸ್ತಿಲು. ಧಾರವಾಡದವರಿಗೆ ಅದು ಹುಬ್ಬಳ್ಳಿಗೆ ಹೋಗುವ ದಾರಿ. 1962ರಲ್ಲಿ ಈ ಜೋಡಿ ನಗರಗಳು ಒಂದೇ ಪಾಲಿಕೆಯ ಕೆಳಗೆ ಬಂದ ಮೇಲೂ ನಾವು ಯಾವ ಊರಿನವರೆಂಬ ಪ್ರಶ್ನೆ ತೀರಲಿಲ್ಲ. ಒಳಗಿನವರೂ ಅಲ್ಲದ, ಹೊರಗಿನವರೂ ಅಲ್ಲದ ಈ ಸ್ಥಿತಿಗೆ ನಾವು ಹೊಂದಿಕೊಂಡುಬಿಟ್ಟಿದ್ದೇವೆ. ಊರಿಗಾದರೆ ಅದು ಸಹ್ಯ. ಇಪ್ಪತ್ತನಾಲ್ಕು ವರುಷದ ತರುಣನೊಬ್ಬನಿಗೆ ಅದು ಎಷ್ಟು ಸಹ್ಯವೆಂಬುದನ್ನು ಕಳೆದ ರವಿವಾರ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕಂಡೆ.

ಆತ ನಮ್ಮ ಓಣಿಯವನು. ಐ.ಟಿ.ಐ. ಮುಗಿಸಿ ಒಂದು ಕಾರಖಾನೆಯಲ್ಲಿ ಯಂತ್ರದ ಕೆಲಸಕ್ಕೆ ಸೇರಿದ್ದ. ಕಾರಖಾನೆಯ ಹೆಸರು ಇಲ್ಲಿ ಬೇಡ. ಈ ಕಥೆ ಅದೊಂದರದೇ ಅಲ್ಲ. ನೇಮಕದ ಪತ್ರದಲ್ಲಿ ಆರು ತಿಂಗಳ ಪ್ರೊಬೇಷನ್ ಎಂದಿತ್ತು. ಆರು ತಿಂಗಳು ಕಳೆದವು. ಅವಧಿಯನ್ನು ಇನ್ನೂ ಆರು ತಿಂಗಳು ಬೆಳೆಸಿದರು. ಹನ್ನೊಂದನೆಯ ತಿಂಗಳ ಕೊನೆಗೆ ನಾಲ್ಕು ಸಾಲಿನ ಕಾಗದವೊಂದು ಕೈಗೆ ಬಂತು: ತಮ್ಮ ಸೇವೆ ನಾಳೆಯಿಂದ ಅವಶ್ಯವಿಲ್ಲ. ಕಾರಣವೇನೆಂಬುದು ಆ ನಾಲ್ಕು ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ.

ಮಗನ ನೌಕರಿ ಖಾಯಂ ಆದ ದಿನ ಓಣಿಗೆಲ್ಲ ಪೇಢೆ ಹಂಚುವುದಾಗಿ ಆತನ ತಾಯಿ ಎಂದೋ ಹೇಳಿದ್ದರು. ಗೊತ್ತುಮಾಡಿದ ಹೆಣ್ಣಿನ ಕಡೆಯವರು ಕೂಡ, ಖಾಯಂ ಆಗಲಿ, ಆಮೇಲೆ ಮಾತು ಮುಗಿಸೋಣ ಎಂದು ಕಾದಿದ್ದರು. ಆತ ಕಾಗದವನ್ನು ನನ್ನ ಮುಂದೆ ಇಟ್ಟು ಹೇಳಿದ:

“ಸರ, ಬ್ಯಾಡಂದ್ರ ಬ್ಯಾಡಾತು. ಆದರ ನಾ ಏನ್ ತಪ್ಪು ಮಾಡೀನಂತ ಇದರಾಗ ಬರದಿಲ್ಲ. ಹೆಣ್ಣಿನವರು ಕೇಳಿದರ ಏನಂತ ಹೇಳ್ಲಿ?”

ಕಟ್ಟೆಯ ಮೇಲೆ ಆಗ ಇನ್ನಿಬ್ಬರಿದ್ದರು. ಒಬ್ಬರು ಹದಿನೆಂಟು ಮಂದಿ ಕೆಲಸಗಾರರ ಸಣ್ಣ ವರ್ಕ್‌ಶಾಪು ನಡೆಸುವ ನನ್ನ ಸ್ನೇಹಿತರು. ಓಣಿಯವರೆಲ್ಲ ಅವರನ್ನು ಸಾವಕಾರರೆಂದೇ ಕರೆಯುವುದು. ಇನ್ನೊಬ್ಬರು ಸರಕಾರಿ ಕಚೇರಿಯಲ್ಲಿ ಹೆಡ್‌ಕ್ಲಾರ್ಕರಾಗಿ ನಿವೃತ್ತರಾದ ಹಿರಿಯರು. ನಮ್ಮ ಕಟ್ಟೆಯಲ್ಲಿ ವಾದಕ್ಕೆ ಎಂದೂ ಬರವಿಲ್ಲ.

ಸಾವಕಾರರೇ ಮೊದಲು ಬಾಯಿ ತೆರೆದರು. “ತಮ್ಮಾ, ಸಿಟ್ಟಾಗಬ್ಯಾಡ. ಹತ್ತು ನಿಮಿಷದ ಮುಲಾಖತಿನಾಗ ಮನಷ್ಯಾನ ಕೈಗುಣ ತಿಳೀತದೇನು? ಕೆಲಸಕ್ಕ ಹಚ್ಚಿ ನೋಡಬೇಕಾಗ್ತದ. ನೋಡೂದೇ ಬ್ಯಾಡ, ತಗೊಂಡ ಮ್ಯಾಲ ಬಿಡೂದೇ ಬ್ಯಾಡ ಅಂದರ ನನ್ನಂಥವರು ಹೊಸ ಹುಡುಗರನ್ನ ತಗೊಳ್ಳೂದನ್ನ ಬಿಟ್ಟುಬಿಡ್ತೀವಿ.”

ಈ ಮಾತಿನಲ್ಲಿ ಸತ್ಯವಿದೆ. ಪರೀಕ್ಷೆಯ ಕಾಲವೆಂಬುದು ಅನ್ಯಾಯವಲ್ಲ. ನಮ್ಮ ಹಳೆಯ ಕಚೇರಿಗಳಲ್ಲಿ ‘ಉಮೇದುವಾರ’ ಎಂಬ ಒಂದು ಶಬ್ದವಿತ್ತು. ಪಾರಸಿಯಲ್ಲಿ ಉಮೇದು ಎಂದರೆ ಆಶೆ; ಆಶೆಯಿಟ್ಟುಕೊಂಡು ಬಂದವನು ಉಮೇದುವಾರ. ಇಂಗ್ಲಿಷಿನ ಪ್ರೊಬೇಷನ್ ಎಂಬ ಮಾತಿನ ಮೂಲದಲ್ಲಿರುವುದು ಒರೆಗೆ ಹಚ್ಚಿ ನೋಡುವ ಅರ್ಥ. ಒಂದು ಶಬ್ದ ಕೆಲಸಗಾರನ ಕಡೆಯಿಂದ ನೋಡುತ್ತದೆ, ಇನ್ನೊಂದು ಧಣಿಯ ಕಡೆಯಿಂದ. ಎರಡೂ ಕೂಡಿದಾಗ ಮಾತ್ರ ಸಂಗತಿ ಪೂರ್ಣವಾಗುತ್ತದೆ. ಒರೆಗೆ ಹಚ್ಚುವವನು ಚಿನ್ನವೋ ಅಲ್ಲವೋ ಎಂಬುದನ್ನು ಹೇಳಲೇಬೇಕಷ್ಟೆ? ಹಚ್ಚಿ ಹಚ್ಚಿ ಸವೆಸಿ, ಮಾತಿಲ್ಲದೆ ಹೊರಗೆ ಎಸೆಯುವುದು ಯಾವ ಅಕ್ಕಸಾಲೆಯ ಧರ್ಮವೂ ಅಲ್ಲ.

ಹಾಗಾದರೆ ಈ ಒರೆಗೆ ಎಷ್ಟು ಕಾಲ ಬೇಕು? ಕಾರಖಾನೆಗಳ ಸ್ಥಾಯೀ ಆಜ್ಞೆಗಳ ಶಾಸನ ಬಂದದ್ದು 1946ರಲ್ಲಿ, ಸ್ವಾತಂತ್ರ್ಯಕ್ಕಿಂತ ಒಂದು ವರುಷ ಮೊದಲು. ಅದರಡಿ ಕೇಂದ್ರ ಸರಕಾರ ಮಾಡಿದ ಮಾದರಿ ಆಜ್ಞೆಗಳಲ್ಲಿ ಪ್ರೊಬೇಷನರನೆಂದರೆ ಖಾಯಂ ಜಾಗಕ್ಕೆ ತಾತ್ಪೂರ್ತಿಕವಾಗಿ ಬಂದು ಇನ್ನೂ ಮೂರು ತಿಂಗಳು ತುಂಬದವನು. ಮೂರು ತಿಂಗಳನ್ನು ತೃಪ್ತಿಕರವಾಗಿ ಮುಗಿಸಿದವನು ಖಾಯಂ ಕೆಲಸಗಾರನ ಸಾಲಿಗೆ ಸೇರುತ್ತಾನೆ. 1973ರಲ್ಲಿ ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿಯ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಅಲ್ಲಿಯ ಸ್ಥಾಯೀ ಆಜ್ಞೆಯಲ್ಲಿ ಪ್ರೊಬೇಷನ್ ಎರಡು ತಿಂಗಳು. ಕೆಲಸಗಾರನಿಂದ ಬರೆಯಿಸಿಕೊಂಡ ಕರಾರಿನಲ್ಲಿ ಆರು ತಿಂಗಳು. ಕರಾರು ನಿಲ್ಲದು, ಆಜ್ಞೆಯೇ ನಿಲ್ಲುತ್ತದೆ ಎಂದು ಕೋರ್ಟು ಹೇಳಿತು. ಹಸಿದವನು ಯಾವ ಕಾಗದಕ್ಕಾದರೂ ರುಜು ಹಾಕುತ್ತಾನೆಂಬ ಸಾಮಾನ್ಯ ತಿಳಿವಳಿಕೆ ಆ ತೀರ್ಪಿನ ಹಿಂದೆ ಇದೆಯೆಂದು ನನ್ನ ಎಣಿಕೆ.

ಇದನ್ನು ಕೇಳಿ ತರುಣನ ಮುಖ ಅರಳಿತು. ಆದರೆ ಹೆಡ್‌ಕ್ಲಾರ್ಕರು ತಲೆಯಾಡಿಸಿದರು. ಕಾಗದಪತ್ರಗಳಲ್ಲಿ ಕೂದಲು ಹಣ್ಣಾಗಿಸಿಕೊಂಡವರು ಅವರು. “ಅವಸರ ಮಾಡಬ್ಯಾಡ್ರಿ ಮಾಸ್ತರ. ಕಾಯದೆ ಈಗ ಬದಲಾಗೇದ” ಎಂದರು. ನಿಜವೇ. 2020ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. 1946ರ ಶಾಸನವೂ 1947ರ ಔದ್ಯೋಗಿಕ ವಿವಾದಗಳ ಶಾಸನವೂ ಅದರಲ್ಲಿ ಲೀನವಾಗಿವೆ. ಮೂಲದ ಕೇಂದ್ರ ಶಾಸನದಲ್ಲಿ ನೂರು ಮಂದಿ ಕೆಲಸಗಾರರಿರುವಲ್ಲಿ ಸ್ಥಾಯೀ ಆಜ್ಞೆಗಳು ಕಡ್ಡಾಯವಾಗಿದ್ದವು. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ ಮುನ್ನೂರು. ಈ ತರುಣನ ಕಾರಖಾನೆಯಲ್ಲಿರುವವರು ಇನ್ನೂರರಷ್ಟು. ಈತ ಒಳಗೆ ಹೋದಾಗ ಹಳೆಯ ಶಾಸನವಿತ್ತು, ಹೊರಗೆ ಬಿದ್ದಾಗ ಹೊಸದು ಬಂದಿತ್ತು. ಯಾವುದರ ಲೆಕ್ಕದಲ್ಲಿ ಈತನನ್ನು ಅಳೆಯಬೇಕೆಂಬುದೇ ವಕೀಲರಿಗೊಂದು ವಾದದ ವಿಷಯ.

ಇನ್ನೊಂದು ಲೆಕ್ಕವಿದೆ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನಿಗೆ ಒಂದು ವರುಷದ ಸೇವೆ ತುಂಬಿತೆಂದು ಕಾಯದೆ ಎಣಿಸುತ್ತದೆ. ಅಂಥವನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟೀಸು, ವರುಷಕ್ಕೆ ಹದಿನೈದು ದಿನದ ಪಗಾರದಂತೆ ಪರಿಹಾರ ಕೊಡಬೇಕು. ಹೊಸ ಸಂಹಿತೆಯಲ್ಲಿಯೂ ಈ ನಿಯಮ ಉಳಿದಿದೆ. ಪಗಾರ ಸಲ್ಲುವ ರವಿವಾರ, ಹಬ್ಬದ ರಜೆಗಳನ್ನೂ ಎಣಿಸಬೇಕೆಂದು 1985ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಆದರೆ ಇಲ್ಲಿಯೂ ಒಂದು ಕಿಂಡಿಯಿದೆ. ಕರಾರಿನ ಷರತ್ತಿನಂತೆ ಸೇವೆ ಮುಗಿದರೆ ಅದು ಈ ಲೆಕ್ಕಕ್ಕೆ ಬಾರದೆಂಬ ಕಲಮು 1984ರಲ್ಲಿ ಸೇರಿತ್ತು. ಪ್ರೊಬೇಷನರನ ವಿಷಯದಲ್ಲಿಯೂ ಅದು ಅನ್ವಯಿಸುವುದೆಂದು 1994ರಲ್ಲಿ ಜೀವವಿಮಾ ನಿಗಮದ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು ಹೇಳಿತು. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈ ತೆಗೆದುಕೊಂಡಂತೆ ಸಾಮಾನ್ಯನಿಗೆ ತೋರಿದರೆ ಆಶ್ಚರ್ಯವಿಲ್ಲ.

“ಅದಿರ್ಲಿ, ಕಾರಣ ಯಾಕ ಬರದಿಲ್ಲ?” ಎಂದು ತರುಣ ಮತ್ತೆ ಅಲ್ಲಿಗೇ ಬಂದ.

ವಾಚಕರೇ, ಈ ಪ್ರಶ್ನೆಗೆ ಉತ್ತರವಿದೆ. ಅದು ಬಹಳ ವಿಚಿತ್ರವಾದ ಉತ್ತರ. ಪ್ರೊಬೇಷನರನಿಗೆ ಹುದ್ದೆಯ ಮೇಲೆ ಹಕ್ಕಿಲ್ಲ, ಆದರೆ ಶಿಕ್ಷೆಯಾಗಿ ಅವನನ್ನು ತೆಗೆಯುವುದಾದರೆ ವಿಚಾರಣೆ ನಡೆಸಬೇಕು ಎಂಬ ತತ್ವವನ್ನು ಸುಪ್ರೀಂ ಕೋರ್ಟು ಸರಕಾರಿ ನೌಕರರ ವಿಷಯದಲ್ಲಿ 1957ರಷ್ಟು ಹಿಂದೆಯೇ ಧಿಂಗ್ರಾ ಪ್ರಕರಣದಲ್ಲಿ ಸ್ಥಾಪಿಸಿತು. ಇದರ ಪರಿಣಾಮವೇನಾಯಿತು? ಆಜ್ಞೆಯಲ್ಲಿ ‘ನೀನು ಕಳ್ಳ, ನೀನು ಸೋಮಾರಿ’ ಎಂದು ಬರೆದರೆ ಅದು ಕಳಂಕ. ಕಳಂಕ ಹಚ್ಚಿದರೆ ವಿಚಾರಣೆ ಬೇಕು. ಏನನ್ನೂ ಬರೆಯದೆ ‘ಸೇವೆ ಅವಶ್ಯವಿಲ್ಲ’ ಎಂದರೆ ತೊಡಕಿಲ್ಲ. ನೌಕರನ ಮಾನ ಕಾಯಲೆಂದು ಕಟ್ಟಿದ ನಿಯಮವು ಹೀಗೆ ಅಧಿಕಾರಿಗಳಿಗೆ ಮೌನವನ್ನು ಕಲಿಸಿತು. ನಮ್ಮ ತರುಣನಿಗೆ ಕಾರಣ ಹೇಳಲಿಲ್ಲವೇಕೆಂದರೆ, ಹೇಳಿದ್ದರೆ ಅವನಿಗೆ ಪ್ರತ್ಯುತ್ತರ ಕೊಡುವ ಹಕ್ಕು ಬರುತ್ತಿತ್ತು.

ನ್ಯಾಯಾಲಯಗಳು ಈ ಮೌನಕ್ಕೆ ಸುಮ್ಮನೆ ತಲೆಬಾಗಿಲ್ಲವೆಂಬುದನ್ನೂ ಹೇಳಬೇಕು. ಪಂಜಾಬಿನ ಇಬ್ಬರು ಪ್ರೊಬೇಷನರಿ ನ್ಯಾಯಾಧಿಕಾರಿಗಳ ಪ್ರಕರಣದಲ್ಲಿ, 1974ರಲ್ಲಿ, ಏಳು ನ್ಯಾಯಮೂರ್ತಿಗಳ ಪೀಠವು ಆಜ್ಞೆಯ ಮಾತನ್ನಲ್ಲ, ಅದರ ಹಿಂದಿನ ನಿಜವನ್ನು ನೋಡಬೇಕೆಂದಿತು. 1984ರಲ್ಲಿ ಅನೂಪ್ ಜೈಸ್ವಾಲ್ ಪ್ರಕರಣ ಬಂತು. ಹೈದರಾಬಾದಿನ ಪೋಲೀಸ್ ಅಕಾಡೆಮಿಯಲ್ಲಿ ತರಬೇತಿಯಲ್ಲಿದ್ದ ಆ ಐ.ಪಿ.ಎಸ್. ಪ್ರೊಬೇಷನರ್ ಒಂದು ಬೆಳಗಿನ ಕವಾಯತಿಗೆ ಇತರರೊಡನೆ ಸುಮಾರು 22 ನಿಮಿಷ ತಡವಾಗಿ ಬಂದಿದ್ದರು. ಅವರನ್ನು ಮುಖಂಡನೆಂದು ಎಣಿಸಿ, ಕೊನೆಗೆ ಸೇವೆಯಿಂದಲೇ ತೆಗೆದರು. ಆಜ್ಞೆಯಲ್ಲಿ ಮಾತ್ರ ತಪ್ಪಿನ ಸೊಲ್ಲಿಲ್ಲ. ಸುಪ್ರೀಂ ಕೋರ್ಟು ಆ ತೆರೆಯನ್ನು ಸರಿಸಿ ನೋಡಿ, ಇದು ವಿಚಾರಣೆಯಿಲ್ಲದ ಶಿಕ್ಷೆಯೆಂದು ಆಜ್ಞೆಯನ್ನು ರದ್ದುಗೊಳಿಸಿತು. ಆ ತೀರ್ಪನ್ನು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು, ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದವರು.

“ಐ.ಪಿ.ಎಸ್. ಆಫೀಸರಿಗೆ ಸುಪ್ರೀಂ ಕೋರ್ಟು ಸಿಕ್ತದ್ರಿ. ಇವಗ ಏನ್ ಸಿಕ್ತದ?” ಎಂದು ಹೆಡ್‌ಕ್ಲಾರ್ಕರು ಮೆಲ್ಲಗೆ ನುಡಿದರು. ಬಳಿಕ ತಮ್ಮ ಕಾಲದ ಒಂದು ಕಥೆಯನ್ನು ತೆಗೆದರು. ಅದು ಬೇರೆ ಊರಿನದಲ್ಲ, ನಮ್ಮ ಧಾರವಾಡ ಜಿಲ್ಲೆಯದೇ. ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘವು ದಿಲ್ಲಿಯ ತನಕ ಹೋಗಿತ್ತು. ರಾಜ್ಯದ ಕಚೇರಿಗಳಲ್ಲಿ ಇಂಥವರು ಸುಮಾರು ಐವತ್ತು ಸಾವಿರ ಮಂದಿ, ಹದಿನಾರು ಇಪ್ಪತ್ತು ವರುಷ ದುಡಿದರೂ ಖಾಯಂ ಆಗದೆ ಉಳಿದವರು ಹಲವರು ಎಂಬುದು ಅವರ ಅಳಲು. 1990ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹತ್ತು ವರುಷ ಸೇವೆ ಮುಗಿಸಿದವರನ್ನು ಹಂತಹಂತವಾಗಿ ಖಾಯಂಗೊಳಿಸುವ ಯೋಜನೆಯನ್ನು ವಿಧಿಸಿತು. ಧಾರವಾಡದ ಹೆಸರು ಹೀಗೆ ದೇಶದ ಕಾನೂನಿನ ಗ್ರಂಥಗಳಲ್ಲಿ ಸೇರಿತು. ಆದರೆ 2006ರ ಏಪ್ರಿಲಿನಲ್ಲಿ ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ ಐವರ ಸಂವಿಧಾನ ಪೀಠವು, ನಿಯಮದಂತೆ ನೇಮಕವಾಗದವರಿಗೆ ಖಾಯಮಾತಿಯ ಹಕ್ಕಿಲ್ಲವೆಂದು ಆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ, ದೀರ್ಘಕಾಲ ದುಡಿದವರ ಮೇಲೆ ಆ ತೀರ್ಪನ್ನೇ ಆಯುಧವಾಗಿ ಬೀಸಬಾರದೆಂದು ಅದೇ ನ್ಯಾಯಾಲಯವು ಎಚ್ಚರಿಸಬೇಕಾಯಿತು.

ಸಾವಕಾರರು ನಕ್ಕು, “ಸರಕಾರನ ಹಿಂಗ ಮಾಡಿದರ ನಮ್ಮನ್ನ್ಯಾಕ ಬೈತೀರಿ?” ಎಂದರು. ನನಗೆ ನಗೆ ಬರಲಿಲ್ಲ. ನಾನೂ ಖಾಯಂ ಆಗುವ ಮೊದಲು ಒಂದು ಕಾಲೇಜಿನಲ್ಲಿ ‘ಅತಿಥಿ’ ಉಪನ್ಯಾಸಕನಾಗಿದ್ದವನು. ಐದು ವರುಷ ಅತಿಥಿ. ಬೇಸಿಗೆಯ ರಜೆ ಬಂತೆಂದರೆ ಪಗಾರ ನಿಲ್ಲುವುದು; ಜೂನಿನಲ್ಲಿ ಕರೆ ಬಂದೀತೋ ಬಾರದೋ ತಿಳಿಯದು. ಅತಿಥಿ ದೇವರೆಂದು ತರಗತಿಯಲ್ಲಿ ಪಾಠ ಹೇಳಿ, ಹೊರಗೆ ಬಂದು ಕಾರಕೂನರ ಮೇಜಿನ ಮುಂದೆ ಬಾಕಿ ಬಿಲ್ಲಿಗಾಗಿ ನಿಲ್ಲುತ್ತಿದ್ದೆ. ಆ ವರುಷಗಳಲ್ಲಿ ನನ್ನನ್ನು ಬಾಧಿಸಿದ್ದು ಬಡತನಕ್ಕಿಂತ ಹೆಚ್ಚಾಗಿ ಭಯ. ಸಭೆಯಲ್ಲಿ ಒಂದು ಮಾತು ಹೆಚ್ಚಾದರೆ ಮುಂದಿನ ಜೂನು ಇಲ್ಲ. ಭಯದಿಂದ ಬಾಯಿ ಮುಚ್ಚಿದವನು ಒಳ್ಳೆಯ ಉಪನ್ಯಾಸಕನೆನ್ನಿಸಿಕೊಳ್ಳುತ್ತಿದ್ದ. ಪರೀಕ್ಷಾಕಾಲವು ಕೈಗುಣವನ್ನು ಅಳೆಯುವುದನ್ನು ಬಿಟ್ಟು ವಿಧೇಯತೆಯನ್ನು ಅಳೆಯತೊಡಗಿದರೆ, ಧಣಿಗೂ ಲಾಭವಿಲ್ಲ.

ತರುಣನನ್ನು ಕೇಳಿದೆ: “ನಿನಗೇನಾದರೂ ಸಂಶಯ ಉಂಟೇನು?” ಆತ ತಡೆದು ಹೇಳಿದ, “ದೀಪಾವಳಿ ಮುಂದ ಎರಡು ಪಾಳಿ ಜೋಡಿಸಿ ಮಾಡಿದ್ವಿ ಸರ. ಅದರ ರೊಕ್ಕ ಯಾವಾಗ ಬರ್ತದಂತ ಸುಪರ್‌ವಾಯಝರಿಗೆ ಕೇಳಿದ್ದೆ. ಬ್ಯಾರೇನೂ ಇಲ್ಲ.” ಅದೇ ಕಾರಣವೆಂದು ನಾನು ಹೇಳಲಾರೆ. ಕೆಲಸದಲ್ಲಿಯೇ ನ್ಯೂನತೆ ಇದ್ದಿರಲೂಬಹುದು. ಆದರೆ ಮೌನದ ಸ್ವಭಾವವೇ ಅದು: ಅಲ್ಲಿ ನ್ಯಾಯವಾದ ಕಾರಣವೂ ಅನ್ಯಾಯದ ಕಾರಣವೂ ಒಂದೇ ಬಣ್ಣಕ್ಕೆ ತಿರುಗುತ್ತವೆ.

ನನಗೆ ತೋಚುವುದಿಷ್ಟು. ಪರೀಕ್ಷಾಕಾಲ ಇರಲಿ, ಅದಕ್ಕೆ ಮೀರಲಾಗದ ಕೊನೆಯೊಂದಿರಲಿ. ನಡುವೆ ಒಮ್ಮೆ, ಇಂಥಿಂಥಲ್ಲಿ ತಿದ್ದಿಕೊಳ್ಳಬೇಕೆಂದು ಬರೆದು ಕೊಡಲಿ. ತಿದ್ದಿಕೊಳ್ಳುವ ಅವಕಾಶವೇ ಇಲ್ಲದ ಪರೀಕ್ಷೆ ಪರೀಕ್ಷೆಯಲ್ಲ. ಬೇಡವೆಂದಾಗ ಕಾರಣವನ್ನು ಅವನೊಬ್ಬನಿಗಾದರೂ ತಿಳಿಸಲಿ. ಊರಿಗೆಲ್ಲ ಸಾರುವುದು ಬೇಡ. ಹೀಗೆ ತಿಳಿಸಿದ್ದನ್ನು ಕಳಂಕವೆಂದು ಎಣಿಸದಂಥ ನಿಯಮವನ್ನು ಶಾಸನ ಮಾಡುವವರು ಮಾಡಲಿ. ಆಗ ಧಣಿಗೂ ಬಾಯಿ ತೆರೆಯಲು ಅಂಜಿಕೆಯಿರದು. ಇನ್ನು ಪ್ರೊಬೇಷನ್ನಿನಲ್ಲಿರುವವರೂ ಅವರ ಮನೆಯವರೂ ಒಂದನ್ನು ನೆನಪಿಡಬೇಕು: ಖಾಯಂ ಆಗದ ಮಾತ್ರಕ್ಕೆ ಎಲ್ಲ ಹಕ್ಕುಗಳೂ ದೂರವಾಗುವುದಿಲ್ಲ. ನಿಯಮ ಅನ್ವಯಿಸುವಲ್ಲಿ ಭವಿಷ್ಯನಿಧಿ ಮತ್ತು ಇ.ಎಸ್.ಐ.ಗೆ ಪ್ರೊಬೇಷನ್ ಅಡ್ಡಿಯಲ್ಲ. ಹೆರಿಗೆಯ ಸೌಲಭ್ಯಕ್ಕೆ ಬೇಕಾದುದು ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನದ ದುಡಿಮೆ, ಖಾಯಮಾತಿಯ ಆಜ್ಞೆಯಲ್ಲ. ಅಂಗಡಿ, ಖಾಸಗಿ ಕಚೇರಿಗಳಲ್ಲಿ ಆರು ತಿಂಗಳು ಸತತವಾಗಿ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟೀಸು ಅಥವಾ ಅದರ ಪಗಾರವಿಲ್ಲದೆ ತೆಗೆಯಬಾರದೆಂದು 1961ರ ಕರ್ನಾಟಕದ ಶಾಸನ ಹೇಳುತ್ತದೆ. ನೇಮಕದ ಪತ್ರವನ್ನು ಪ್ರತಿಯೊಬ್ಬನಿಗೂ ಕೊಡಲೇಬೇಕೆಂಬುದು ಹೊಸ ಸಂಹಿತೆಗಳಲ್ಲಿಯ ಒಂದು ಒಳ್ಳೆಯ ಅಂಶ. ಆ ಪತ್ರವನ್ನೂ ಪಗಾರದ ಚೀಟಿಗಳನ್ನೂ ಹಾಳುಮಾಡದೆ ಇಟ್ಟುಕೊಳ್ಳಿರಿ.

ನಮ್ಮ ತರುಣ ಇಟ್ಟುಕೊಂಡಿದ್ದ. ಕತ್ತಲಾಗುವ ತನಕ ಹೆಡ್‌ಕ್ಲಾರ್ಕರೂ ಅವನೂ ಕ್ಯಾಲೆಂಡರು ಹಿಡಿದು ದಿನಗಳನ್ನು ಎಣಿಸಿದರು. 240ಕ್ಕೆ ಕೊರತೆಯಿರಲಿಲ್ಲ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿಯನ್ನು ನಾನೇ ಬರೆದೆ. ಮಾರನೆಯ ದಿನ ಚಿಗರಿ ಬಸ್ಸು ಹಿಡಿದು ಆತ ಅದನ್ನು ಹುಬ್ಬಳ್ಳಿಗೆ ಒಯ್ದ. ಫಲವೇನಾದೀತೋ ನೋಡಬೇಕು. ಅರ್ಜಿಯ ಕೊನೆಯಲ್ಲಿ ಆತನ ಆಗ್ರಹದಿಂದ ಒಂದು ಸಾಲು ಸೇರಿಸಿದ್ದೇವೆ: ನೌಕರಿಯನ್ನು ಮರಳಿ ಕೊಡದಿದ್ದರೂ ಕಾರಣವನ್ನು ತಿಳಿಸಬೇಕು.

ಆ ರಾತ್ರಿ ಏಳುವಾಗ ಸಾವಕಾರರು ಚಪ್ಪಲಿ ಮೆಟ್ಟುತ್ತ ಸ್ವಲ್ಪ ಹೊತ್ತು ನಿಂತರು. “ಹೋದ ವರ್ಷ ನಾನೂ ಒಬ್ಬ ಹುಡುಗನ್ನ ಬಿಡಿಸಿದೆ, ಮಾಸ್ತರ. ಅಳತಿ ತಪ್ಪಸ್ತಿದ್ದ. ಹೇಳಿದ್ದರ ತಿದ್ದಿಕೊಳ್ತಿದ್ದನೋ ಏನೋ. ಹೇಳಲಿಲ್ಲ” ಎಂದರು. ಈಗ ಅವರ ವರ್ಕ್‌ಶಾಪಿನಲ್ಲಿ ಇಬ್ಬರು ಹೊಸಬರಿದ್ದಾರೆ. ಬುಧವಾರ ಬಂದು, ಅವರಿಬ್ಬರಿಗೂ ಕೊಡಬೇಕಾದ ಒಂದು ಕಾಗದವನ್ನು ಶುದ್ಧ ಕನ್ನಡದಲ್ಲಿ ಬರೆದುಕೊಡೆಂದು ಕೇಳಿದರು. ಯಾವ ಕೆಲಸ ಸರಿಯಿದೆ, ಯಾವುದು ಸರಿಯಿಲ್ಲ, ತಿದ್ದಿಕೊಳ್ಳಲು ಎಷ್ಟು ದಿನ ಎಂಬ ಮೂರೇ ಸಾಲು. ಬರೆದುಕೊಟ್ಟೆ.