ಮೀಟರಿಲ್ಲದ ಮನೆಗೆ ಬೆಳಕು ಯಾರು ಕೊಡಬೇಕು?

ಕಡಲೆಕಾಯಿ ಬಿಡಿಸಿ, ಹೊಟ್ಟು ಒಟ್ಟಿದ ಮೇಲೆ ನಮ್ಮಂಥ ಬೆದ್ದಲು ರೈತರಿಗೆ ಕೆಲಸ ಕಮ್ಮಿ. ಹಾಗಾಗಿ ಒಂದು ಮೂಟೆ ರಾಗಿ ಬಸ್ಸಿಗೆ ಹಾಕಿಕೊಂಡು ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದೆ. ಅವಳು ಇರೋದು ದೊಮ್ಮಲೂರಿನ ಹಳೇ ಊರಿನ ಗಲ್ಲಿಯಲ್ಲಿ. ಚೊಕ್ಕನಾಥಸ್ವಾಮಿ ದೇವಸ್ಥಾನದಲ್ಲಿ ಚೋಳರ ಕಾಲದ ಶಾಸನಗಳಿವೆ ಅಂದ ಮೇಲೆ ಇದು ಎಷ್ಟು ಹಳೆಯ ಹಳ್ಳಿ ಅಂತ ಲೆಕ್ಕ ಹಾಕಿ. ಈಗ ಸುತ್ತಲೂ ಫ್ಲೈಓವರು, ಕಂಪ್ಯೂಟರ್ ಕಂಪನಿಗಳು. ನಡುವೆ ಸಿಕ್ಕಿಕೊಂಡ ಹಳ್ಳಿಯ ಗಲ್ಲಿಗಳಲ್ಲಿ ಬಾಡಿಗೆ ಮನೆಗಳು.

ಮಗಳ ಮನೆಯಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆಗೂ ಬಲ್ಬು ಉರಿಯಬೇಕು. ಕಿಟಕಿ ಇದೆ, ಆದರೆ ಒಂದು ಮೊಳ ಆಚೆಗೆ ಪಕ್ಕದವರ ಗೋಡೆ. ಇದೇ ದೊಮ್ಮಲೂರಿನ ಎರಡನೇ ಹಂತದಲ್ಲಿ ಟೆರಿ ಅನ್ನೋ ಇಂಧನ ಸಂಶೋಧನೆ ಸಂಸ್ಥೆಯ ಕಟ್ಟಡ ಇದೆ. ಹಗಲು ಬೆಳಕು, ಗಾಳಿ ತಾನಾಗಿ ಒಳಗೆ ಬರೋ ಹಾಗೆ ಕಟ್ಟಿದ್ದಾರೆ. ಒಳ್ಳೆಯದು. ಆದರೆ ಅದೇ ದೊಮ್ಮಲೂರಿನ ಬಡವನ ಮನೆಗೆ ಸೂರ್ಯನ ಬೆಳಕೂ ಕಾಸು ಕೊಟ್ಟೇ ಬರಬೇಕು.

ಆ ಕಟ್ಟಡದಲ್ಲಿ ನಾಲ್ಕು ಸಂಸಾರ, ಮೀಟರು ಒಂದೇ. ಮಾಲೀಕರು ಒಳಗೆ ಸಣ್ಣ ಸಣ್ಣ ಮೀಟರು ಹಾಕಿಸಿ ಯೂನಿಟ್ಟಿಗೆ ಹತ್ತು ರೂಪಾಯಿ ತಗೊಳ್ತಾರೆ. ಪಕ್ಕದ ಮನೆಯಲ್ಲಿ ರಾಯಚೂರಿನ ಕಡೆಯ ಒಬ್ಬ ಹೆಂಗಸು ಇದ್ದಾರೆ. ನಾಲ್ಕು ಮನೆ ಕಸ ಮುಸುರೆ ಮಾಡಿ ಬದುಕೋರು. ಗಂಡನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಬೇಕು. ಆ ಔಷಧಿ ಇಡೋದಕ್ಕೇ ಅಂತ ಯಾರೋ ಕೊಟ್ಟ ಹಳೇ ಫ್ರಿಜ್ಜು ಇಟ್ಟುಕೊಂಡಿದ್ದಾರೆ. ರಾತ್ರಿಯಾದರೆ ಅದರ ಪ್ಲಗ್ಗು ಕಿತ್ತು ಇಡ್ತಾರೆ. ಯಾಕಮ್ಮಾ ಅಂದರೆ, "ಮೀಟರ್ ಓಡ್ತದ್ರಿ ಅಣ್ಣಾರ, ತಿಂಗಳಾದ್ರ ಎಲ್ಲಿಂದ ತರೋಣ್ರಿ" ಅಂದರು. ಸರ್ಕಾರ ಪುಕ್ಕಟೆ ಕೊಡ್ತದಲ್ಲಮ್ಮಾ ಅಂದೆ. "ಅದು ಮೀಟರ್ ಇದ್ದೋರಿಗಿ" ಅಂದರು.

ಆ ಮಾತು ನನ್ನನ್ನು ಊರಿಗೆ ಬಂದ ಮೇಲೂ ಬಿಟ್ಟಿಲ್ಲ. ಅದಕ್ಕೇ ಇದನ್ನು ಬರೀತಾ ಇದ್ದೀನಿ.

ಹೆಚ್ಚು ಇದ್ದವನಿಗೆ ಹೆಚ್ಚು

ಗೃಹಜ್ಯೋತಿ 2023ರಲ್ಲಿ ಶುರುವಾಯಿತು. ತಿಂಗಳಿಗೆ 200 ಯೂನಿಟ್ ಒಳಗೆ ಬಳಸೋ ಮನೆಗೆ ಕರೆಂಟು ಪುಕ್ಕಟೆ ಅಂತ ಹೆಸರು. ನಿಜವಾಗಿ ಎಲ್ಲರಿಗೂ 200 ಯೂನಿಟ್ ಇಲ್ಲ. 2022-23ರಲ್ಲಿ ಆ ಮನೆ ಬಳಸಿದ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿ ಕೊಟ್ಟರು. ಇದರಲ್ಲಿ ಒಂದು ವಿಚಿತ್ರ ನೋಡಿ. ಆಗ 150 ಯೂನಿಟ್ ಉರಿಸುತ್ತಿದ್ದವನಿಗೆ 165 ಸಿಕ್ಕಿತು. ಬಿಲ್ಲಿಗೆ ಹೆದರಿ 30 ಯೂನಿಟ್ಟಿನಲ್ಲಿ ಮುಗಿಸಿದವನಿಗೆ 33. ಆಮೇಲೆ ಸರ್ಕಾರಕ್ಕೂ ಇದು ಗೊತ್ತಾಗಿ, 2024ರ ಜನವರಿಯಲ್ಲಿ 48 ಯೂನಿಟ್ ಒಳಗಿನವರಿಗೆ ಶೇ. 10ರ ಬದಲು 10 ಯೂನಿಟ್ಟನ್ನೇ ಹೆಚ್ಚಿಗೆ ಕೊಡೋಣ ಅಂತ ತೀರ್ಮಾನ ಮಾಡಿತು. ತಪ್ಪು ಕಂಡರೆ ತಿದ್ದಬಹುದು ಅನ್ನೋದಕ್ಕೆ ಇದನ್ನು ಹೇಳಿದೆ.

ಬಾಡಿಗೆಯವರಿಗೂ ಗೃಹಜ್ಯೋತಿ ಇದೆ. ಆದರೆ ಅವರಿಗೆ ಅಂತ ಬೇರೆ ಮೀಟರು ಇರಬೇಕು. ನಾಲ್ಕು ಮನೆ ಒಂದೇ ಮೀಟರಿಗೆ ಸೇರಿದರೆ ಒಟ್ಟು 200 ದಾಟುತ್ತದೆ, ದಾಟಿದರೆ ಪೂರಾ ಬಿಲ್ಲು. ಬೇರೆ ಬೇರೆ ಮೀಟರಿದ್ದಿದ್ದರೆ ಆ ನಾಲ್ಕರಲ್ಲಿ ಒಂದು ಮನೆಯೂ 200ರ ಹತ್ತಿರಕ್ಕೂ ಬರುತ್ತಿರಲಿಲ್ಲ.

ಮಾಲೀಕರೇ ಕಳ್ಳರು ಅಂತ ನಾನು ಹೇಳೋದಿಲ್ಲ. 2025-26ಕ್ಕೆ ಮನೆ ಬಳಕೆಯ ದರ ಯೂನಿಟ್ಟಿಗೆ 5 ರೂ. 80 ಪೈಸೆ. ಅದರ ಮೇಲೆ ಪ್ರತಿ ಕಿಲೋವಾಟಿಗೆ 145 ರೂ. ನಿಗದಿ ಶುಲ್ಕ, ನೌಕರರ ಪಿಂಚಣಿಗೆ ಅಂತ ಯೂನಿಟ್ಟಿಗೆ 36 ಪೈಸೆ, ತೆರಿಗೆ, ನೀರೆತ್ತೋ ಮೋಟಾರು. ಎಲ್ಲಾ ಸೇರಿದರೆ ಮಾಲೀಕರಿಗೂ ಎಂಟು ರೂಪಾಯಿ ಆಚೆಈಚೆ ಬೀಳಬಹುದು. ಆದರೆ ಹತ್ತು ರೂಪಾಯಿ ಕೊಡೋರು ಯಾರು? ನಾಲ್ಕು ಮನೆ ಮುಸುರೆ ತಿಕ್ಕೋರು.

ಇನ್ನೊಂದು ಲೆಕ್ಕ. 2023ರಲ್ಲಿ 100 ಯೂನಿಟ್ ಒಳಗೆ ಬಳಸಿದವರಿಗೆ ಯೂನಿಟ್ಟಿಗೆ 4 ರೂ. 75 ಪೈಸೆ ಇತ್ತು, ದಾಟಿದವರಿಗೆ 7 ರೂ. ಇತ್ತು. 2024ರ ಏಪ್ರಿಲಿನಿಂದ ಎಲ್ಲರಿಗೂ ಒಂದೇ ದರ, 5 ರೂ. 90 ಪೈಸೆ ಆಯಿತು. 60 ಯೂನಿಟ್ಟಿಗೆ 285 ರೂ. ಆಗುತ್ತಿದ್ದದ್ದು 354 ರೂ. ಆಯಿತು. ಹೆಚ್ಚು ಉರಿಸೋರಿಗೆ ಯೂನಿಟ್ಟಿನ ದರ ಇಳಿಯಿತು. ಕಮ್ಮಿ ಬಳಸೋರಿಗೆ ಗೃಹಜ್ಯೋತಿ ಇದೆಯಲ್ಲ ಅಂತ ಕೇಳಬಹುದು. ಇದೆ, ಹೆಸರಿನಲ್ಲಿ ಮೀಟರು ಇದ್ದವರಿಗೆ. ಇಲ್ಲದವರಿಗೆ ಎರಡು ಕಡೆಯಿಂದಲೂ ಏಟು.

ಇಲ್ಲಿ ಮೀಟರು, ಅಲ್ಲಿ ಪಹಣಿ

ಈಗ ನಮ್ಮ ಪಾವಗಡದ ಕಡೆಗೆ ಬರೋಣ. ಬೆಂಗಳೂರಿಗೆ ಕರೆಂಟು ಎಲ್ಲೋ ಒಂದು ಕಡೆ ಹುಟ್ಟಬೇಕಲ್ಲ. 1905ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಬೆಂಗಳೂರಿಗೆ ದೀಪ ಹಾಕಿದರು. ಈಗ ಕರೆಂಟು ಹುಟ್ಟೋ ಜಾಗಗಳಲ್ಲಿ ನಮ್ಮ ತಾಲ್ಲೂಕೂ ಒಂದು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಅನ್ನೋ ಐದು ಊರಿನ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕು ಆಗಿದೆ. 2018ರಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು.

ಇಲ್ಲಿ ಭೂಮಿ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂ. ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಇದು ಒಳ್ಳೆ ಕೆಲಸ ಅಂತ ನಾನು ಒಪ್ಪುತ್ತೀನಿ. ಮಳೆ ನಂಬಿ ಕಡಲೆಕಾಯಿ ಹಾಕಿ ನಾಲ್ಕು ವರ್ಷಕ್ಕೆ ಒಂದು ಬೆಳೆ ಕಂಡವರಿಗೆ, ಕೂತಲ್ಲಿಗೆ 21,000 ಬಂದರೆ ಯಾರು ಬೇಡ ಅಂತಾರೆ? ಭೂಮಿ ರೈತನ ಹೆಸರಿನಲ್ಲೇ ಉಳಿಯಿತು ಅನ್ನೋದು ಇನ್ನೂ ದೊಡ್ಡದು.

ಆದರೆ ಈ ಹಣ ಯಾರಿಗೆ ಹೋಗುತ್ತದೆ? ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ಮಾಡುತ್ತಿದ್ದವರಿಗೆ ಪಹಣಿ ಇಲ್ಲ. ಬೀಳು ಬಿದ್ದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಪಹಣಿ ಇಲ್ಲ. ಬೇಲಿ ಬಿತ್ತು, ಕೂಲಿ ಹೋಯಿತು, ಮೇವು ಹೋಯಿತು. ಹಲಗೆ ತೊಳೆಯೋದು, ಹುಲ್ಲು ಕೀಳೋದು, ಕಾವಲು ಕಾಯೋದು ಅಂತ ಕೆಲವರಿಗೆ ಕೆಲಸ ಸಿಕ್ಕಿದೆ. ಎಲ್ಲರಿಗೂ ಸಿಕ್ಕಿಲ್ಲ. ಸಿಕ್ಕದವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಇಳಿದು ಎಲ್ಲಿರುತ್ತಾರೆ? ಮತ್ತೆ ಮೀಟರಿಲ್ಲದ ಒಂದು ರೂಮಿನಲ್ಲಿ. ತಮ್ಮ ಊರಿನ ಬಿಸಿಲಲ್ಲಿ ಹುಟ್ಟಿದ ಕರೆಂಟಿಗೆ ಹತ್ತು ರೂಪಾಯಿ ಕೊಡುತ್ತಾ.

ನಾನು ಹೇಳಬೇಕಾದ ಮಾತು ಇಷ್ಟೇ. ಕರೆಂಟಿನ ಕಂಪನಿಗಳು, ಸರ್ಕಾರ ಏನೂ ಕೊಡೋದಿಲ್ಲ ಅಂತಲ್ಲ, ಬೇಕಾದಷ್ಟು ಕೊಡ್ತಾರೆ. ಆದರೆ ಕಾಗದಕ್ಕೆ ಕೊಡ್ತಾರೆ, ಮನುಷ್ಯನಿಗಲ್ಲ. ಊರಲ್ಲಿ ಪಹಣಿ ನೋಡ್ತಾರೆ, ಪಟ್ಟಣದಲ್ಲಿ ಆರ್.ಆರ್. ನಂಬರು ನೋಡ್ತಾರೆ. ಎರಡೂ ಇಲ್ಲದವರೇ ಎಲ್ಲರಿಗಿಂತ ಬಡವರು.

ನಮ್ಮ ವಿಷಯಕ್ಕೂ ಇದೇ ಮಾತು ಬರುತ್ತದೆ. ಓದುಗ ರೈತರು ಬೇಜಾರು ಮಾಡಿಕೊಳ್ಳಬಾರದು. 2008ರಿಂದ 10 ಹೆಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಅದಕ್ಕೆ ವರ್ಷಕ್ಕೆ ಸಾವಿರಾರು ಕೋಟಿ ಹೋಗುತ್ತದೆ. ನಮ್ಮಂಥ ಮಳೆ ನಂಬಿದವರಿಗೆ ಬೋರಿಲ್ಲ, ಪಂಪಿಲ್ಲ, ಅದರಲ್ಲಿ ಒಂದು ಪೈಸೆಯೂ ಇಲ್ಲ. ನಿಮ್ಮದು ನಿಲ್ಲಿಸಿ ಅಂತ ಕೇಳ್ತಾ ಇಲ್ಲ. ನೀರಿದ್ದವನಿಗೆ ಕೊಡೋಕೆ ದಾರಿ ಸಿಕ್ಕಿದ ಮೇಲೆ, ಇಲ್ಲದವನಿಗೆ ಕೊಡೋಕೂ ದಾರಿ ಹುಡುಕಬಹುದು ಅಂತ ಹೇಳ್ತಾ ಇದ್ದೀನಿ.

ಏನು ಮಾಡಬಹುದು?

ಬರೀ ದೂರಿದರೆ ಪ್ರಯೋಜನ ಇಲ್ಲ. ಬಲ್ಲವರನ್ನು ಕೇಳಿ, ಮಗಳ ಹತ್ತಿರ ಓದಿಸಿ ತಿಳಿದುಕೊಂಡು, ನನಗೆ ತೋಚಿದ್ದನ್ನು ಬರೆಯುತ್ತೇನೆ.

ಒಂದು: ಒಲೆಗೊಂದು ಮೀಟರು. 2003ರ ವಿದ್ಯುತ್ ಕಾಯ್ದೆಯ 43ನೇ ಕಲಮಿನಲ್ಲಿ ಮಾಲೀಕನಾಗಲಿ, ವಾಸ ಇರುವವನಾಗಲಿ ಅರ್ಜಿ ಕೊಟ್ಟರೆ ಕರೆಂಟು ಕೊಡಬೇಕು ಅಂತ ಇದೆ. ಬರೀ ಮಾಲೀಕ ಅಂತ ಬರೆದಿಲ್ಲ. 2021ರಲ್ಲಿ ಬೆಳಕು ಯೋಜನೆ ಬಂದಾಗ, ಹಳ್ಳಿಯ ಕತ್ತಲೆ ಮನೆಗಳಿಗೆ ಪಂಚಾಯ್ತಿಯ ನಿರಾಕ್ಷೇಪಣಾ ಪತ್ರ ಬೇಡ ಅಂತ ಮಾಡಿದರು. ಆ ಒಂದು ಕಾಗದ ಕಳೆದದ್ದಕ್ಕೇ ಎಷ್ಟೋ ಮನೆಗೆ ದಾರಿಯಾಯಿತು. ಪಟ್ಟಣದ ಗಲ್ಲಿಗಳಿಗೂ ಅಂಥದ್ದೇ ಒಂದು ಏರ್ಪಾಡು ಬೇಕು. ಕಂಪನಿಯವರೇ ಗಲ್ಲಿಗೆ ಬಂದು, ಮೇಜು ಹಾಕಿ ಕೂತು, ಮಾಲೀಕ ಬಾಡಿಗೆಯವ ಇಬ್ಬರನ್ನೂ ಕೂರಿಸಿ ಮೀಟರು ಬೇರೆ ಮಾಡಿಕೊಡಬೇಕು.

ಎರಡು: ಕಾಯಿಲೆಯವರ, ಮುದುಕರ ಪಟ್ಟಿ. ಬ್ರಿಟನ್ನಿನಲ್ಲಿ ಕರೆಂಟು ಕಂಪನಿಗಳು ಇಂಥದೊಂದು ಪಟ್ಟಿ ಇಡುತ್ತವೆ. ವಯಸ್ಸಾದವರು, ಅಂಗವಿಕಲರು, ಮನೆಯಲ್ಲೇ ಯಂತ್ರದಿಂದ ಉಸಿರಾಡುವವರು ಹೆಸರು ಬರೆಸಬಹುದು, ಖರ್ಚಿಲ್ಲ. ಕರೆಂಟು ತೆಗೆಯೋ ಮುಂಚೆ ಅವರಿಗೆ ಹೇಳುತ್ತಾರೆ, ಹೋದಾಗ ಅವರನ್ನು ಮೊದಲು ವಿಚಾರಿಸುತ್ತಾರೆ. ನಮ್ಮಲ್ಲಿ ಮನೆ ಮನೆಗೆ ಹೋಗೋ ಆಶಾ ಕಾರ್ಯಕರ್ತೆಯರಿದ್ದಾರೆ. ಯಾರ ಮನೆಯಲ್ಲಿ ಇನ್ಸುಲಿನ್, ಯಾರ ಮನೆಯಲ್ಲಿ ಆಕ್ಸಿಜನ್ ಅಂತ ಅವರಿಗೆ ಗೊತ್ತು. ಅವರ ಸಹಾಯ ಪಡೆದು, ಮನೆಯವರ ಒಪ್ಪಿಗೆ ಕೇಳಿ ಪಟ್ಟಿ ಮಾಡೋದು ಕಷ್ಟವಲ್ಲ. ಆ ಪಟ್ಟಿಗೆ ಮೀಟರು ಯಾರ ಹೆಸರಿನಲ್ಲಿದೆ ಅಂತ ಕೇಳಬಾರದು.

ಮೂರು: ಇರೋ ಕಾನೂನನ್ನು ಜನಕ್ಕೆ ಹೇಳಿ. ಬಾಕಿಗೆ ಕರೆಂಟು ಕಡಿಯೋ ಮುಂಚೆ 15 ದಿನ ಪೂರಾ ಬಿಟ್ಟು ಬರವಣಿಗೆಯ ನೋಟೀಸು ಕೊಡಬೇಕು ಅಂತ ಅದೇ ಕಾಯ್ದೆಯ 56ನೇ ಕಲಮು ಹೇಳುತ್ತದೆ. 2020ರ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ಹಿರಿಯ ನಾಗರಿಕರಿಗೆ ಅರ್ಜಿ, ಬಿಲ್ಲು ಕಟ್ಟೋದು ಎಲ್ಲಾ ಮನೆ ಬಾಗಿಲಲ್ಲೇ ಆಗಬೇಕು ಅಂತ ಇದೆ. ಇದು ಎಷ್ಟು ಮುದುಕರಿಗೆ ಗೊತ್ತು? ನನಗೇ ಈಗ ಗೊತ್ತಾಯಿತು. ಬಿಲ್ಲಿನ ಹಿಂದೆ ದಪ್ಪ ಅಕ್ಷರದ ಕನ್ನಡದಲ್ಲಿ ಈ ಎರಡು ಸಾಲು ಹಾಕಿದರೆ ಸಾಕು. ಓದು ಬಾರದವರಿಗೆ ಮೀಟರು ಓದೋಕೆ ಬಂದವರೇ ಹೇಳಬಹುದು.

ನಾಲ್ಕು: ದುಡಿಮೆಗೆ ತಕ್ಕ ಹಾಗೆ ಕಂತು. ದಿನಗೂಲಿಯವರಿಗೆ ತಿಂಗಳ ಕೊನೆಗೆ ಐನೂರು ಒಟ್ಟಿಗೆ ಕಟ್ಟೋದು ಕಷ್ಟ, ವಾರಕ್ಕೆ ನೂರಿಪ್ಪತ್ತು ಕಷ್ಟವಲ್ಲ. 1995ರಲ್ಲಿ ಹರೀಶ್ ಹಂದೆಯವರು ಕಟ್ಟಿದ ಸೆಲ್ಕೋ ಕಂಪನಿ ಸೋಲಾರ್ ದೀಪಗಳನ್ನು ಬಡವರ ಮನೆಗೆ ಮುಟ್ಟಿಸಿದ್ದು ಹೀಗೇ. ಬ್ಯಾಂಕುಗಳಿಂದ ಸಾಲ ಕೊಡಿಸಿ, ಅವರವರ ಆದಾಯ ಬರೋ ರೀತಿ ನೋಡಿ ಕಂತು ಗೊತ್ತುಮಾಡಿಸಿದರು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಬಡವರು ಕೊಟ್ಟ ಮಾತು ಉಳಿಸಿಕೊಳ್ತಾರೆ ಅಂತ ಆ ಕೆಲಸ ತೋರಿಸಿದೆ.

ಐದು: ಕರೆಂಟು ಹುಟ್ಟೋ ಊರಿಗೆ ಪಾಲು. ಲಾಭದ ಕಂಪನಿಗಳು ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಅದರಲ್ಲೂ ತಾವು ಕೆಲಸ ಮಾಡೋ ಜಾಗಕ್ಕೆ ಮೊದಲ ಆದ್ಯತೆ ಕೊಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಸೋಲಾರ್ ಹಾಕಿದ ಊರುಗಳಲ್ಲಿ ಈ ಹಣ ಎಲ್ಲಿಗೆ ಹೋಗಬೇಕು ಅಂತ ಗ್ರಾಮಸಭೆಯಲ್ಲಿ ಭೂಮಿ ಇಲ್ಲದವರನ್ನು ಕೂರಿಸಿ ಕೇಳಬೇಕು. ಕೆಲಸ ಕೊಡುವಾಗಲೂ ಪಹಣಿ ಇಲ್ಲದವರಿಗೆ ಮೊದಲು ಕೊಡಬೇಕು. ಇನ್ನೊಂದು ಸುಲಭದ ದಾರಿ ಇದೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಸೋಲಾರ್ ಹಲಗೆಗಳ ಕೆಳಗೆ ಕುರಿ ಮೇಯಿಸುತ್ತಾರೆ. ಹುಲ್ಲು ಕೀಳಿಸೋ ಖರ್ಚು ಕಂಪನಿಗೆ ಉಳಿಯುತ್ತದೆ, ಕುರಿಗೆ ಹೊಟ್ಟೆ ತುಂಬುತ್ತದೆ. ಕುರಿ ಬಿಡೋಕೆ ಹೆದರಿಕೆ ಇದ್ದರೆ ಕೊಯ್ದ ಹುಲ್ಲನ್ನಾದರೂ ಕುರಿ ಸಾಕೋರಿಗೆ ಕೊಡಲಿ.

ಇದಕ್ಕೆಲ್ಲ ದುಡ್ಡೆಲ್ಲಿ ಅಂತ ಕೇಳ್ತಾರೆ. ಮೇಲಿನ ಐದರಲ್ಲಿ ಬಹಳಷ್ಟಕ್ಕೆ ಬೇಕಾದ್ದು ದುಡ್ಡಲ್ಲ, ಬಾಗಿಲ ತನಕ ಬರೋ ಮನಸ್ಸು. ಮೀಟರು ಓದೋಕೆ ಗಲ್ಲಿಗೆ ತಿಂಗಳಿಗೊಮ್ಮೆ ಬಂದೇ ಬರ್ತಾರೆ. ಮೀಟರಿನ ಹಿಂದಿನ ಬಾಗಿಲು ತಟ್ಟಿ, ಒಳಗೆ ಎಷ್ಟು ಸಂಸಾರ ಇದೆ ಅಂತ ಕೇಳೋಕೆ ಇನ್ನು ಐದು ನಿಮಿಷ ಸಾಕು.

ಓದುಗರಲ್ಲಿ ಒಂದು ಕೋರಿಕೆ. ನಮ್ಮ ಮನೆಗಳಿಂದ ಪಟ್ಟಣಕ್ಕೆ ಹೋದ ಮಕ್ಕಳಿದ್ದಾರೆ. ಈ ಸಲ ಹೋದಾಗ ಅವರ ಬಾಡಿಗೆ ಮನೆಯ ಮೀಟರು ಯಾರ ಹೆಸರಿನಲ್ಲಿದೆ, ಯೂನಿಟ್ಟಿಗೆ ಎಷ್ಟು ಕೊಡ್ತಾರೆ ಅಂತ ವಿಚಾರಿಸಿ. ಸೋಲಾರ್ ಅಥವಾ ಗಾಳಿ ಕಂಪನಿ ಬಂದಿರೋ ಊರಿನವರು, ಭೂಮಿ ಇಲ್ಲದವರಿಗೆ ಏನು ಸಿಕ್ಕಿತು ಅಂತ ಪತ್ರಿಕೆಗೆ ಬರೆಯಿರಿ. ನಾನು ಮೊನ್ನೆ ಮಗಳಿಗೆ ಫೋನು ಮಾಡಿ ಮೀಟರು ಬೇರೆ ಮಾಡಿಸೋ ಅರ್ಜಿ ತರೋಕೆ ಹೇಳಿದ್ದೀನಿ. ಮೊದಲ ಅರ್ಜಿ ನಮ್ಮದು ಬೇಡ, ಪಕ್ಕದ ಮನೆಯವರದು ಆಗಲಿ ಅಂತಲೂ ಹೇಳಿದ್ದೀನಿ. ಆ ಫ್ರಿಜ್ಜಿನ ಪ್ಲಗ್ಗು ರಾತ್ರಿಯೂ ಗೋಡೆಯಲ್ಲೇ ಇರಬೇಕು.